ಉತ್ತರ ಧ್ರುವವೂ ನಮ್ಮ ಮಳೆಯೂ

‘ಆರು ತಿಂಗಳು ಹಗಲಿದ್ದರೂ ಉತ್ತರ ಧ್ರುವದ ಮಂಜು ಏಕೆ ಕರಗುವುದಿಲ್ಲ ಸಾರ್?’ ಭೂಗೋಳದ ಪಾಠದಲ್ಲಿ ಮಕ್ಕಳು ನನ್ನನ್ನು ಪದೇ ಪದೇ ಕೇಳುತ್ತಿದ್ದ ಪ್ರಶ್ನೆಯಿದು. ನಮ್ಮ ಶಾಲೆಯ ಈ ಸುವರ್ಣ ಮಹೋತ್ಸವದ ಸಂಚಿಕೆಯಲ್ಲಿ ಅದನ್ನು ಕೊಂಚ ವಿವರಿಸಬಯಸುತ್ತೇನೆ.

ಭೂಮಿಯ ಅಕ್ಷವು 23½ ಡಿಗ್ರಿ ವಾಲಿರುವುದೇ ಎಲ್ಲಕ್ಕೂ ಮೂಲ. ಸುಮಾರು 14 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವ ನಮ್ಮ ಲೇಪಾಕ್ಷಿಯಲ್ಲಿ ಏಪ್ರಿಲ್ ಕೊನೆಯ ವಾರ ಹಾಗೂ ಆಗಸ್ಟ್ ಮಧ್ಯದಲ್ಲಿ ಮಧ್ಯಾಹ್ನದ ಸೂರ್ಯನು ನೆತ್ತಿಯ ಮೇಲಿರುತ್ತಾನೆ. ಏಕಶಿಲಾ ಬಸವಣ್ಣನ ನೆರಳು ಬುಡದಲ್ಲಿಯೇ ಅಡಗುತ್ತದೆ. ಧ್ರುವದಲ್ಲಾದರೋ ಸೂರ್ಯನು ದಿಗಂತದಿಂದ 23½ ಡಿಗ್ರಿಗಿಂತ ಮೇಲೇರನು. ಓರೆಯಾಗಿ ಬೀಳುವ ಕಿರಣಗಳು ಹೆಚ್ಚು ಜಾಗಕ್ಕೆ ಹರಡಿ ದುರ್ಬಲವಾಗುತ್ತವೆ. ಆ ಬೆಳಕಿನಲ್ಲಿಯೂ ಬಹುಪಾಲನ್ನು ಬಿಳಿಯ ಹಿಮವು ಆಕಾಶಕ್ಕೆ ಹಿಂದಿರುಗಿಸಿಬಿಡುತ್ತದೆ.

ದಕ್ಷಿಣ ಧ್ರುವವು ಹಿಮ ಹೊದ್ದ ಭೂಖಂಡ. ಉತ್ತರ ಧ್ರುವವು ಭೂಖಂಡಗಳು ಸುತ್ತುವರಿದ ಹೆಪ್ಪುಗಟ್ಟಿದ ಸಾಗರ. ಅದರ ಅಂಚಿನ ನೆಲದಲ್ಲಿ ಸಾವಿರಾರು ವರ್ಷಗಳಿಂದ ಮನುಷ್ಯರು ಬದುಕಿದ್ದಾರೆ. ಹಳೆಯ ಪಠ್ಯಪುಸ್ತಕಗಳು ಎಸ್ಕಿಮೋಗಳೆಂದು ಕರೆದ ಇನ್ಯುಟ್ ಜನರು ಸೀಲ್ ಮತ್ತು ತಿಮಿಂಗಿಲಗಳ ಬೇಟೆಯಿಂದ ಜೀವಿಸಿದವರು. ಹಿಮದ ಗುಡಿಸಲು ಅವರಿಗೆ ಬೇಟೆಗಾಲದ ತಂಗುದಾಣವಾಗಿತ್ತು. ಈಗ ಅವರು ಸಾಧಾರಣ ಮನೆಗಳಲ್ಲಿ ವಾಸಿಸುತ್ತಾರೆ. ಉತ್ತರ ಯುರೋಪಿನ ಸಾಮಿ ಜನರಲ್ಲಿ ಹಲವರು ಹಿಮಸಾರಂಗಗಳನ್ನು ಸಾಕುತ್ತಾರೆ. ಚಳಿಗಾಲದಲ್ಲಿ ಆ ಪ್ರಾಣಿಗಳು ಹಿಮವನ್ನು ಕೆದಕಿ ತಿನ್ನುವುದು, ನಾವು ಮಸಾಲೆಗೆ ಹಾಕುವ ಕಲ್ಲುಹೂವಿನ ವರ್ಗಕ್ಕೆ ಸೇರಿದ ಜೀವಿಗಳನ್ನೇ.

ಅಲ್ಲಿ ನಮ್ಮ ದೇಶದ ನೆಲೆಯೂ ಒಂದಿದೆ. ನಾರ್ವೆಗೆ ಸೇರಿದ ಸ್ವಾಲ್ಬಾರ್ಡ್ ದ್ವೀಪಸಮೂಹದಲ್ಲಿ, ಸುಮಾರು 79 ಡಿಗ್ರಿ ಅಕ್ಷಾಂಶದಲ್ಲಿ, 2008ರ ಜುಲೈ 1ರಂದು ‘ಹಿಮಾದ್ರಿ’ ಸಂಶೋಧನಾ ಕೇಂದ್ರವು ಆರಂಭವಾಯಿತು. 2014ರಲ್ಲಿ ಸಮೀಪದ ಕೊಲ್ಲಿಯ ನೀರಿನೊಳಗೆ ಉಷ್ಣತೆ, ಉಪ್ಪಿನಂಶಗಳನ್ನು ಅಳೆಯುವ ‘ಇಂಡಾರ್ಕ್’ ಉಪಕರಣವನ್ನು ಇಳಿಸಲಾಯಿತು. 2023ರ ಡಿಸೆಂಬರಿನಲ್ಲಿ ಹೊರಟ ಭಾರತದ ಮೊದಲ ಚಳಿಗಾಲದ ತಂಡದಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯೂ ಪಾಲ್ಗೊಂಡಿತು.

ಅಷ್ಟು ದೂರದ ಮಂಜಿನಿಂದ ನಮಗೇನು ಎಂದು ಕೇಳಬಹುದು. 1979ರಿಂದೀಚೆಗೆ ಆ ಪ್ರದೇಶವು ಪ್ರಪಂಚದ ಸರಾಸರಿಗಿಂತ ಹಲವು ಪಟ್ಟು ವೇಗವಾಗಿ ಬಿಸಿಯಾಗಿದೆ. ಬಿಳಿಯ ಮಂಜು ಕರಗಿದಲ್ಲಿ ಕಪ್ಪು ನೀರು ತೆರೆದುಕೊಳ್ಳುತ್ತದೆ. ಅದು ಬಿಸಿಲನ್ನು ಹೀರಿ ಇನ್ನಷ್ಟು ಮಂಜನ್ನು ಕರಗಿಸುತ್ತದೆ. 2012ರ ಸೆಪ್ಟೆಂಬರಿನಲ್ಲಿ ಸಾಗರದ ಮಂಜು ಸುಮಾರು 34 ಲಕ್ಷ ಚದರ ಕಿಲೋಮೀಟರಿಗೆ ಕುಗ್ಗಿತ್ತು. ಧ್ರುವಕ್ಕೂ ಉಷ್ಣವಲಯಕ್ಕೂ ಇರುವ ತಾಪದ ವ್ಯತ್ಯಾಸವು ಬದಲಾದರೆ ಗಾಳಿಯ ನಡೆಯೂ ಬದಲಾಗಬಹುದು. ಅದಕ್ಕೂ ನಮ್ಮ ಮುಂಗಾರಿಗೂ ಇರುವ ನಂಟನ್ನು ಅರಿಯುವುದು ಭಾರತೀಯ ಸಂಶೋಧಕರ ಮುಖ್ಯ ಉದ್ದೇಶಗಳಲ್ಲೊಂದು. ವರ್ಷಕ್ಕೆ 550 ಮಿಲಿಮೀಟರಿನ ಆಸುಪಾಸು ಮಳೆಯನ್ನು ನಂಬಿ ಕಡಲೆಕಾಯಿ ಬಿತ್ತುವ ಈ ಸೀಮೆಯ ರೈತನಿಗೆ ಇದು ಹೊಟ್ಟೆಯ ಪ್ರಶ್ನೆ.

ಪ್ರಿಯ ವಿದ್ಯಾರ್ಥಿಗಳೇ, ರಾತ್ರಿ ಉತ್ತರಕ್ಕೆ ಮುಖಮಾಡಿ ನಿಂತು ಕೈ ನೀಡಿರಿ. ದಿಗಂತದಿಂದ ಒಂದೂವರೆ ಮುಷ್ಟಿಯಷ್ಟು ಮೇಲೆ ಧ್ರುವನಕ್ಷತ್ರವಿರುತ್ತದೆ. ಹಿಮಾದ್ರಿಯಲ್ಲಿ ಅದು ನೆತ್ತಿಯ ಸಮೀಪದಲ್ಲಿರುತ್ತದೆ. ಶಾಲೆಯ ಅಂಗಳದಲ್ಲಿ ಒಂದು ಮಳೆಮಾಪಕವನ್ನಿಟ್ಟು ಪ್ರತಿದಿನ ಲೆಕ್ಕ ಬರೆಯಿರಿ. ಅಲ್ಲಿ ಸಂಶೋಧಕರು ಮಾಡುತ್ತಿರುವುದೂ ಇದೇ ಬಗೆಯ, ತಾಳ್ಮೆಯ ಅಳತೆಯ ಕೆಲಸ.