ಪದಕದ ಬೆನ್ನಿನ ಸಂಖ್ಯೆ

1983ರ ಜುಲೈನಲ್ಲಿ ಮಾಸ್ಕೋದ ಒಂದು ಫ್ಲ್ಯಾಟಿಗೆ ಗಂಡ ಹೆಂಡತಿ ಇಬ್ಬರು ಬಂದರು. ತಾವು ಪತ್ರಿಕೋದ್ಯಮದ ವಿದ್ಯಾರ್ಥಿಗಳು ಎಂದು ಹೇಳಿಕೊಂಡಿದ್ದರು. ಆ ಮನೆಯ ಯಜಮಾನ ವೈಸ್ ಅಡ್ಮಿರಲ್ ಗಿಯೋರ್ಗಿ ಖೊಲೊಸ್ಟ್ಯಾಕೊವ್, ಎಂಬತ್ತು ವರ್ಷದ ಹಿರಿಯ. ಒಂದು ಕಾಲಕ್ಕೆ ಜಲಾಂತರ್ಗಾಮಿಗಳನ್ನು ನಡೆಸಿದ್ದವರು, 1943ರಲ್ಲಿ ನೊವೊರಸೀಸ್ಕ್ ಬಂದರನ್ನು ಜರ್ಮನ್ನರ ಕೈಯಿಂದ ಬಿಡಿಸಿದ ಕಾರ್ಯಾಚರಣೆಯ ಮುಂದಾಳುಗಳಲ್ಲಿ ಒಬ್ಬರು. ಯುದ್ಧದ ಕಥೆ ಕೇಳಲು ಹುಡುಗರು ಬಂದರೆ ಅಂಥವರು ಬಾಗಿಲು ಹಾಕುವುದುಂಟೇ? ಬಂದವರ ಹೆಸರು ಗೆನ್ನಾಡಿ ಮತ್ತು ಇನ್ನಾ ಕಲಿನಿನ್. ಅಡ್ಮಿರಲ್ಲರನ್ನೂ ಅವರ ಪತ್ನಿಯನ್ನೂ ಕೊಂದು, ಪದಕಗಳನ್ನು ದೋಚಿಕೊಂಡು ಹೋದರು. ತನಿಖೆ ಮುಂದುವರಿದಂತೆ, ಈ ಜೋಡಿ ಊರೂರು ಸುತ್ತಿ ವೃದ್ಧ ಯೋಧರ ಮನೆಗಳಲ್ಲಿ ಇದೇ ಕಸುಬು ನಡೆಸಿಕೊಂಡು ಬಂದದ್ದು ಹೊರಬಿತ್ತು. ಗೆನ್ನಾಡಿಗೆ ಮರಣದಂಡನೆಯಾಯಿತು.

'ಸೋವಿಯತ್ ಒಕ್ಕೂಟದ ವೀರ' ಬಿರುದಿನ ಚಿನ್ನದ ನಕ್ಷತ್ರದಲ್ಲಿ ಸುಮಾರು ಇಪ್ಪತ್ತು ಗ್ರಾಂ ಚಿನ್ನವಿರುತ್ತದೆ. ಲೆನಿನ್ ಆರ್ಡರ್ ಎಂಬ ಪದಕವೂ ಚಿನ್ನದ್ದು, ಅದರ ನಡುವಿನ ಲೆನಿನ್ ಮುಖ ಪ್ಲಾಟಿನಮ್ಮಿನದು. ಕಳ್ಳಸಂತೆಯವರು ಕೊಡುತ್ತಿದ್ದ ಹಣದಲ್ಲಿ ಈ ಲೋಹದ ಪಾಲು ಎಷ್ಟಿತ್ತೋ, ಒಬ್ಬ ಮನುಷ್ಯ ಇದನ್ನು ಎದೆಯ ಮೇಲೆ ಧರಿಸಿದ್ದ ಎಂಬ ನಂಬಿಕೆಯ ಪಾಲು ಅದಕ್ಕಿಂತ ಹೆಚ್ಚಿತ್ತು. ಸಂಗ್ರಾಹಕ ಕೊಳ್ಳುವುದು ಆ ನಂಬಿಕೆಯನ್ನು. ಹಾಗಾಗಿ ನಂಬಿಕೆಯನ್ನು ಪರೀಕ್ಷಿಸುವ ಒಂದು ವಿದ್ಯೆಯೂ ಬೆಳೆಯಬೇಕಾಯಿತು.

1991ರಲ್ಲಿ ಸೋವಿಯತ್ ಒಕ್ಕೂಟ ಒಡೆದಾಗ ಹಣದುಬ್ಬರ ಪಿಂಚಣಿಗಳನ್ನು ತಿಂದುಹಾಕಿತು. ಮಾಸ್ಕೋದ ಅರ್ಬಾತ್ ಬೀದಿಯಲ್ಲಿ, ಇಜ್ಮೈಲೊವೊ ಸಂತೆಯಲ್ಲಿ ಪದಕಗಳು ಬಟ್ಟೆಯ ಮೇಲೆ ಹರಡಿ ಮಾರಾಟಕ್ಕೆ ಬಿದ್ದವು. ಬರ್ಲಿನ್‌ವರೆಗೆ ನಡೆದುಹೋದ ಮುದುಕರು ಬ್ರೆಡ್ಡು, ಔಷಧಿಗಾಗಿ ಎದೆಯ ನಕ್ಷತ್ರಗಳನ್ನು ಬಿಚ್ಚಿಕೊಟ್ಟರು. ಅದನ್ನು ನೆನೆದರೆ ಇಂದಿಗೂ ಸಂಕಟವಾಗುತ್ತದೆ. ಅಮೆರಿಕ, ಯುರೋಪಿನ ಸಂಗ್ರಾಹಕರು ಮುಗಿಬಿದ್ದರು. 1997ರಲ್ಲಿ ಪಾಲ್ ಮೆಕ್‌ಡೇನಿಯಲ್ ಮತ್ತು ಪಾಲ್ ಸ್ಮಿಟ್ ಸೋವಿಯತ್ ಪದಕಗಳ ಸಮಗ್ರ ಕೈಪಿಡಿಯನ್ನೇ ಹೊರತಂದರು. ಅಚ್ಚು ಅಚ್ಚಿನ ವ್ಯತ್ಯಾಸವನ್ನು ಚಿತ್ರ ಸಮೇತ ವಿವರಿಸುವಂಥ ಪುಸ್ತಕ ಅಸಲಿಯನ್ನು ಗುರುತಿಸಲು ಕಲಿಸುತ್ತದೆ. ನಕಲಿ ಮಾಡುವವನಿಗೂ ಅದೇ ಪಾಠವಾಗುತ್ತದೆ.

ಈ ವಿದ್ಯೆಯ ಒಳಹೊರಗನ್ನು ತಿಳಿಯಲು ಕೆಂಪು ನಕ್ಷತ್ರದ ಆರ್ಡರ್‌ಗಿಂತ ಒಳ್ಳೆಯ ಉದಾಹರಣೆಯಿಲ್ಲ. 1930ರ ಏಪ್ರಿಲ್ 6ರಂದು ಸ್ಥಾಪನೆಯಾದ ಈ ಪದಕ ಬೆಳ್ಳಿಯದು. ಐದು ಮೊನೆಗಳಿಗೆ ಮಾಣಿಕ್ಯಗೆಂಪಿನ ಎನಾಮೆಲ್. ನಡುವೆ ಉದ್ದ ಕೋಟು ತೊಟ್ಟು ಬಂದೂಕು ಹಿಡಿದು ನಿಂತ ಸೈನಿಕ. ಅವನ ಸುತ್ತ ಕಾರ್ಮಿಕರಿಗೆ ಒಂದಾಗಲು ಹೇಳುವ ಘೋಷವಾಕ್ಯ. ಹಿಂಬದಿಯಲ್ಲಿ ತಿರುಪು, ಟಂಕಸಾಲೆಯ ಹೆಸರು, ಅದರ ಹತ್ತಿರ ಕೈಯಿಂದ ಕೊರೆದ ಒಂದು ಸಂಖ್ಯೆ. ಇದರ ಮೊದಲ ಪುರಸ್ಕೃತ ವಾಸಿಲಿ ಬ್ಲ್ಯೂಖರ್. 1918ರಲ್ಲಿ ಕೆಂಪು ಧ್ವಜದ ಆರ್ಡರ್ ಹುಟ್ಟಿದಾಗಲೂ ಮೊದಲು ಪಡೆದವನು ಅವನೇ. 1938ರಲ್ಲಿ ಅವನು ಸ್ಟಾಲಿನ್‌ನ ಸೆರೆಮನೆಯಲ್ಲಿ ಚಿತ್ರಹಿಂಸೆಗೆ ಸತ್ತ. ಒಟ್ಟು 38 ಲಕ್ಷದಷ್ಟು ಕೆಂಪು ನಕ್ಷತ್ರಗಳು ಹಂಚಿಹೋದವು, ಬಹುಪಾಲು ಯುದ್ಧದ ವರ್ಷಗಳಲ್ಲಿ.

ನೋಡುವವರು ಮೊದಲು ಭೂತಗನ್ನಡಿ ಹಿಡಿಯುತ್ತಾರೆ. ಟಂಕಸಾಲೆಯಲ್ಲಿ ಉಕ್ಕಿನ ಅಚ್ಚಿನಿಂದ ಒತ್ತಿದ ಬೆಳ್ಳಿಗೆ ಅಂಚುಗಳು ಚೂಪಾಗಿರುತ್ತವೆ, ಸೈನಿಕನ ಕೋಟಿನ ಮಡಿಕೆ, ಬೆಲ್ಟಿನ ಗೆರೆ ಎಲ್ಲ ನಿಚ್ಚಳ. ಅಸಲಿ ಪದಕದಿಂದ ಅಚ್ಚು ತೆಗೆದು ಎರಕ ಹೊಯ್ದ ನಕಲಿ ತಣ್ಣಗಾಗುವಾಗ ಒಂದಿಷ್ಟು ಕುಗ್ಗುತ್ತದೆ. ಅಳತೆಗೋಲಿಗೆ ಅದು ಸಿಗುತ್ತದೆ. ಮೈಮೇಲೆ ಗಾಳಿಗುಳ್ಳೆಗಳ ಸಣ್ಣ ಕುಳಿಗಳು ಉಳಿಯುತ್ತವೆ, ಅಕ್ಷರಗಳ ಮೂಲೆ ಮೊಂಡಾಗುತ್ತದೆ. ಎನಾಮೆಲ್ ಎಂದರೆ ಕುಲುಮೆಯಲ್ಲಿ ಕರಗಿಸಿದ ಗಾಜು. ಪೆಟ್ಟು ಬಿದ್ದರೆ ಚಕ್ಕೆ ಎದ್ದು ಹೊಳೆಯುವ ಮುರಿವು ಕಾಣಿಸುತ್ತದೆ. ರಾಳದಿಂದ ತುಂಬಿದ ನಕಲಿ ಬಣ್ಣಕ್ಕೆ ಆ ಮುರಿವು ಬರುವುದಿಲ್ಲ.

ಆದರೆ ಕಷ್ಟದ ಮೋಸ ಎರಕದ್ದಲ್ಲ. ಪದಕ ಪೂರ್ತಿ ಅಸಲಿ, ಟಂಕಸಾಲೆಯದೇ, ಬೆನ್ನಿನ ಸಂಖ್ಯೆ ಮಾತ್ರ ಬದಲಾದದ್ದು. ಹಳೆಯ ಅಂಕಿಗಳನ್ನು ಉಜ್ಜಿ, ಪ್ರಸಿದ್ಧನೊಬ್ಬನ ಅಂಕಿಗಳನ್ನು ಕೊರೆದರೆ ಬೆಲೆ ಹಲವು ಪಟ್ಟು ಏರುತ್ತದೆ. ಉಜ್ಜಿದ ಜಾಗ ತೆಳುವಾಗಿರುತ್ತದೆ, ಅಲ್ಲಿ ಬೆಳ್ಳಿಯ ಹೊಳಪೇ ಬೇರೆ. ಕೈಯಿಂದ ಕೊರೆದವನ ಉಳಿ ಲೋಹವನ್ನು ಒಂದೇ ಎಳೆತದಲ್ಲಿ ಸೀಳುತ್ತದೆ. ಯಂತ್ರ ಅದೇ ಗೆರೆಯನ್ನು ಬೇರೆ ಬಗೆಯಲ್ಲಿ ಕೆತ್ತುತ್ತದೆ. ಕಳೆದುಹೋದ ಪದಕಕ್ಕೆ ಬದಲಿಯಾಗಿ ಸರ್ಕಾರವೇ ಕೊಟ್ಟ ಪ್ರತಿಗಳಲ್ಲಿ ಹಳೆಯ ಸಂಖ್ಯೆಯ ಜೊತೆ ರಷ್ಯನ್ ಲಿಪಿಯ 'ದ' ಅಕ್ಷರವಿರುತ್ತದೆ. ಅದಿದ್ದರೆ ಪದಕ ನಕಲಿಯಲ್ಲ, ಆದರೆ ರಣರಂಗ ಕಂಡದ್ದೂ ಅಲ್ಲ.

ಸಂಖ್ಯೆಯೇ ಇಲ್ಲದ ಪದಕಗಳು ಬೇರೆ. ಲೆನಿನ್‌ಗ್ರಾಡ್ ರಕ್ಷಣೆಯ ಪದಕ, ಸುಮಾರು ಒಂದೂವರೆ ಕೋಟಿ ಮಂದಿಗೆ ಸಿಕ್ಕಿದ ಜರ್ಮನಿಯ ಮೇಲಿನ ವಿಜಯದ ಪದಕ ಇವುಗಳ ಬೆನ್ನಿನಲ್ಲಿ ಅಂಕಿಯಿಲ್ಲ. ಜೊತೆಗೆ ಕೊಟ್ಟ ಸಣ್ಣ ಪ್ರಮಾಣಪತ್ರ ಕಳೆದುಹೋದರೆ ಆ ಲೋಹದ ಬಿಲ್ಲೆ ಯಾರದೆಂದು ಹೇಳುವ ದಾರಿ ಉಳಿಯುವುದಿಲ್ಲ.

ಸಂಖ್ಯೆಯಿರುವ ಪದಕಕ್ಕೆ ಆರ್ಡರ್ ಪುಸ್ತಿಕೆ ಎಂಬ ಒಂದು ಕಿರುಪುಸ್ತಕ ಇರುತ್ತಿತ್ತು. ಒಳಗೆ ಪುರಸ್ಕೃತನ ಹೆಸರು, ಪ್ರತಿಯೊಂದು ಪದಕದ ಸಂಖ್ಯೆ, ಸುಪ್ರೀಂ ಸೋವಿಯತ್‌ನ ಪ್ರೆಸಿಡಿಯಂ ಕಾರ್ಯದರ್ಶಿಯ ಸಹಿ. ಈ ಪುಸ್ತಿಕೆಗೆ ಯುದ್ಧಕಾಲದಲ್ಲಿ ನಿಜವಾದ ತೂಕವಿತ್ತು. ಕೆಂಪು ನಕ್ಷತ್ರ ಪಡೆದವನಿಗೆ ತಿಂಗಳಿಗೆ 15 ರೂಬಲ್, ಕೆಂಪು ಧ್ವಜಕ್ಕೆ 20, ಲೆನಿನ್ ಆರ್ಡರ್‌ಗೆ 25. 1948ರ ಜನವರಿಯಿಂದ ಆ ಹಣ ನಿಂತಿತು. ಸಂಶೋಧಕರು ಪುಸ್ತಿಕೆಯಲ್ಲಿ ಮೊದಲು ನೋಡುವುದು ಸಹಿಯನ್ನೇ. 1938ರಿಂದ 1953ರವರೆಗೆ ಕಾರ್ಯದರ್ಶಿಯಾಗಿದ್ದವನು ಅಲೆಕ್ಸಾಂಡರ್ ಗೋರ್ಕಿನ್. ಮಿಖಾಯಿಲ್ ಗಿಯೊರ್ಗಾಡ್ಜೆ ಬಂದದ್ದು 1957ರಲ್ಲಿ, ಅವನು 1982ರವರೆಗೆ ಇದ್ದ. 1946ರ ತಾರೀಖಿನ ಪುಸ್ತಿಕೆಯಲ್ಲಿ ಗಿಯೊರ್ಗಾಡ್ಜೆ ಸಹಿ ಕಂಡರೆ ಭೂತಗನ್ನಡಿಯನ್ನು ಜೇಬಿನಿಂದ ತೆಗೆಯುವ ಅಗತ್ಯವೇ ಇಲ್ಲ.

ಇಷ್ಟಾದರೂ ನಮ್ಮ ಕೈಯಲ್ಲಿರುವುದು ಒಂದು ಹೆಸರು ಮಾತ್ರ. ಆ ಹೆಸರಿನವನು ಏನು ಮಾಡಿದ ಎಂಬುದು ಮಾಸ್ಕೋ ಬಳಿಯ ಪೊಡೊಲ್ಸ್ಕ್ ಪಟ್ಟಣದಲ್ಲಿರುವ ರಕ್ಷಣಾ ಸಚಿವಾಲಯದ ಕೇಂದ್ರ ಪತ್ರಾಗಾರದಲ್ಲಿದೆ. ಒಂದು ಕಾಲಕ್ಕೆ ಅಲ್ಲಿಂದ ಒಂದು ಹಾಳೆ ಪಡೆಯುವುದೂ ದೊಡ್ಡ ಸಾಹಸವಾಗಿತ್ತು. 2010ರಲ್ಲಿ 'ಪೊದ್ವಿಗ್ ನರೋದಾ' ಎಂಬ ದತ್ತಾಂಶ ಕೋಶ ತೆರೆದ ಮೇಲೆ ಲಕ್ಷಾಂತರ ಪುರಸ್ಕಾರ ಪತ್ರಗಳ ಚಿತ್ರಗಳು ಎಲ್ಲರಿಗೂ ಉಚಿತವಾಗಿ ಸಿಕ್ಕವು. ಅದಕ್ಕೂ ಮುಂಚೆ ಸತ್ತವರ, ಕಾಣೆಯಾದವರ ಹೆಸರುಗಳಿಗಾಗಿ 'ಮೆಮೊರಿಯಲ್' ಬಂದಿತ್ತು. 2015ರಲ್ಲಿ ಎಲ್ಲವನ್ನೂ ಹೆಣೆದು 'ಪಾಮ್ಯತ್ ನರೋದಾ' ಬಂತು. ಇದು ಈ ಕ್ಷೇತ್ರದಲ್ಲಿ ನಡೆದ ಅತ್ಯಂತ ಒಳ್ಳೆಯ ಕೆಲಸ ಎಂದೇ ನನ್ನ ಭಾವನೆ. ದಲ್ಲಾಳಿಗಳ ಕೈಯಲ್ಲಿದ್ದ ಗುಟ್ಟು ಮೊಮ್ಮಕ್ಕಳ ಕೈಗೆ ಬಂತು.

ಆ ಹಾಳೆಗಳನ್ನು ಓದಬೇಕು. ನಗ್ರದ್ನೊಯ್ ಲಿಸ್ತ್, ಅಂದರೆ ಶಿಫಾರಸು ಪತ್ರದ ಮೇಲ್ಭಾಗದಲ್ಲಿ ಹೆಸರು, ದರ್ಜೆ, ಹುಟ್ಟಿದ ವರ್ಷ, ಜನಾಂಗ, ಪಕ್ಷದ ಸದಸ್ಯತ್ವ, ಎಲ್ಲಿ ಎಷ್ಟು ಬಾರಿ ಗಾಯ, ಯಾವ ಊರಿನಿಂದ ಸೇನೆಗೆ ಕರೆ, ಮನೆಯ ವಿಳಾಸ. ಕೆಳಗೆ ಸಾಹಸದ ವಿವರ, ಎಷ್ಟೋ ಬಾರಿ ಯುದ್ಧಭೂಮಿಯಲ್ಲೇ ಗೀಚಿದ ಕೈಬರಹದಲ್ಲಿ. ಆಮೇಲೆ ಒಬ್ಬೊಬ್ಬ ಮೇಲಧಿಕಾರಿಯ ಷರಾ. 1942ರ ನವೆಂಬರ್‌ನಿಂದ 'ಶೌರ್ಯಕ್ಕಾಗಿ' ಪದಕವನ್ನು ರೆಜಿಮೆಂಟ್ ಕಮಾಂಡರೇ ಕೊಡಬಹುದಿತ್ತು, ಕೆಂಪು ನಕ್ಷತ್ರವನ್ನು ಡಿವಿಷನ್ ಕಮಾಂಡರ್. ಅದಕ್ಕೂ ಮೇಲಿನದಕ್ಕೆ ಹಾಳೆ ಮೆಟ್ಟಿಲು ಮೆಟ್ಟಿಲಾಗಿ ಏರುತ್ತಿತ್ತು, ಏರುತ್ತ ಪುರಸ್ಕಾರ ಇಳಿಯುತ್ತಿದ್ದುದೂ ಉಂಟು. ಎಸ್-13 ಜಲಾಂತರ್ಗಾಮಿಯ ಕಮಾಂಡರ್ ಅಲೆಕ್ಸಾಂಡರ್ ಮರಿನೆಸ್ಕೊ 1945ರ ಜನವರಿ 30ರಂದು ವಿಲ್‌ಹೆಲ್ಮ್ ಗುಸ್ಟ್‌ಲೋಫ್ ಹಡಗನ್ನು ಮುಳುಗಿಸಿದ. ಸಾವಿರಾರು ನಿರಾಶ್ರಿತರೂ ಅದರೊಡನೆ ಮುಳುಗಿದರು ಎಂಬುದನ್ನು ಮರೆಯಲಾಗದು. ಅವನಿಗೆ ವೀರ ಬಿರುದು ಸಿಗಲಿಲ್ಲ, ಕೆಂಪು ಧ್ವಜ ಸಿಕ್ಕಿತು. ಬಿರುದು ಬಂದದ್ದು 1990ರ ಮೇನಲ್ಲಿ, ಅವನು ಸತ್ತು 26 ವರ್ಷಗಳಾದ ಮೇಲೆ.

ದಾಖಲೆಗಳು ಕುಟುಂಬದ ಹೆಮ್ಮೆಯನ್ನು ಕೆಲವೊಮ್ಮೆ ತಗ್ಗಿಸುತ್ತವೆ. 1944ರ ಜೂನ್ 4ರ ಆದೇಶದ ಪ್ರಕಾರ 15 ವರ್ಷ ಸೇವೆ ಪೂರೈಸಿದ ಅಧಿಕಾರಿಗೆ ಕೆಂಪು ನಕ್ಷತ್ರ, 20 ವರ್ಷಕ್ಕೆ ಕೆಂಪು ಧ್ವಜ, 25ಕ್ಕೆ ಲೆನಿನ್ ಆರ್ಡರ್ ತಾನಾಗಿ ಬರುತ್ತಿದ್ದವು. ಹೀಗೆ ಪಡೆದ ನಕ್ಷತ್ರವನ್ನೂ ಟ್ಯಾಂಕಿನ ಮೇಲೆ ಗ್ರೆನೇಡ್ ಎಸೆದು ಪಡೆದ ನಕ್ಷತ್ರವನ್ನೂ ಪಕ್ಕಪಕ್ಕ ಇಟ್ಟರೆ ಕಣ್ಣಿಗೆ ಒಂದೇ. ದೇಶಭಕ್ತಿಯ ಯುದ್ಧದ ಆರ್ಡರ್ ಕೂಡ ಯಾವಾಗಲೂ ಸಾಹಸದ ಗುರುತಲ್ಲ. 1942ರ ಮೇ 20ರಂದು ಹುಟ್ಟಿದ ಅದನ್ನು 1985ರಲ್ಲಿ, ವಿಜಯದ ನಲವತ್ತನೇ ವರ್ಷದ ನೆನಪಿಗೆ, ಬದುಕಿದ್ದ ಯೋಧರಿಗೆಲ್ಲ ಕೊಡಲಾಯಿತು. 'ಅಜ್ಜನಿಗೆ ಯುದ್ಧದಲ್ಲಿ ಸಿಕ್ಕಿದ್ದು' ಎಂದು ಎತ್ತಿಟ್ಟ ಪದಕ 1985ರದು ಎಂದು ತಿಳಿದಾಗ ಮನೆಯವರಿಗೆ ಬೇಸರವಾಗುವುದು ಸಹಜ. ಆದರೆ ಅದೇ ಅಜ್ಜನ ಹೆಸರಿನ ಕಡತದಲ್ಲಿ ಮನೆಯವರು ಕೇಳಿಯೇ ಇರದ, ಅವನ ಕೈ ಸೇರದೇ ಹೋದ ಪದಕದ ಆದೇಶ ಸಿಗುವುದೂ ಇದೆ. ಆಸ್ಪತ್ರೆಯಲ್ಲಿದ್ದವನಿಗೆ, ಬೇರೆ ತುಕಡಿಗೆ ವರ್ಗವಾದವನಿಗೆ ಆದೇಶ ಬೆನ್ನಟ್ಟಿ ಹೋಗಿ ತಲುಪುತ್ತಿರಲಿಲ್ಲ.

ಕೆಂಪು ನಕ್ಷತ್ರಕ್ಕೂ ಭಾರತಕ್ಕೂ ನಂಟಿದೆ. ಯುದ್ಧಕಾಲದಲ್ಲಿ ಇರಾನ್ ಮೂಲಕ ಸೋವಿಯತ್ ಒಕ್ಕೂಟಕ್ಕೆ ಸರಕು ಸಾಗಿದ ದಾರಿಯಲ್ಲಿ ಲಾರಿಗಳೊಡನೆ ದುಡಿದವರಲ್ಲಿ ರಾಯಲ್ ಇಂಡಿಯನ್ ಆರ್ಮಿ ಸರ್ವೀಸ್ ಕೋರ್‌ನ ನಮ್ಮವರಿದ್ದರು. ಅವರಲ್ಲಿ ತಮಿಳುನಾಡಿನ ಸುಬೇದಾರ್ ನಾರಾಯಣ ರಾವ್ ನಿಕ್ಕಂ, ಪಿಥೋರಗಡದ ಹವಾಲ್ದಾರ್ ಗಜೇಂದ್ರ ಸಿಂಗ್ ಇಬ್ಬರಿಗೂ 1944ರಲ್ಲಿ ಕೆಂಪು ನಕ್ಷತ್ರ ಸಂದಿತು. ಬ್ರಿಟಿಷರ ಸಮವಸ್ತ್ರ, ಸೋವಿಯತ್ ಪದಕ, ಭಾರತದ ಹಳ್ಳಿಗಳು. ಅವರ ನೆನಪನ್ನು ರಷ್ಯಾ 2020ರಲ್ಲಿ ಮತ್ತೆ ಗೌರವಿಸಿತು.

ಓದಲೆಂದೋ ಪ್ರವಾಸಕ್ಕೆಂದೋ ರಷ್ಯಾಕ್ಕೆ ಹೋಗುವ ಕನ್ನಡಿಗರು ಒಂದು ಮಾತು ಗಮನದಲ್ಲಿಡಬೇಕು. ಸೋವಿಯತ್ ಕಾಲದ ಸರ್ಕಾರಿ ಆರ್ಡರ್, ಪದಕಗಳನ್ನು ಅಲ್ಲಿ ಕೊಳ್ಳುವುದೂ ಮಾರುವುದೂ ದಂಡಸಂಹಿತೆಯ 324ನೇ ಕಲಮಿನಡಿ ಅಪರಾಧ. ಸಂತೆಯಲ್ಲಿ ಸಿಗುವ ಪಯನೀರ್ ಮಕ್ಕಳ ಸಂಘದ ಬ್ಯಾಡ್ಜು, ನಗರಗಳ ಪಿನ್ನುಗಳಿಗೆ ಈ ತೊಡಕಿಲ್ಲ.

ಲೋಹವೂ ಸರಿ, ಪುಸ್ತಿಕೆಯೂ ಸರಿ, ಆದೇಶವೂ ಸರಿ ಎಂದಾದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ. ಆ ಹಾಳೆಯಲ್ಲಿ ಬರೆದದ್ದು ನಡೆದಿತ್ತೇ?

1941ರ ನವೆಂಬರ್ 16ರಂದು ಮಾಸ್ಕೋ ಹೊರವಲಯದ ದುಬೊಸೆಕೊವೊ ಬಳಿ ಜನರಲ್ ಪಾನ್‌ಫಿಲೊವ್‌ನ ಡಿವಿಷನ್ನಿನ 28 ಸೈನಿಕರು ಜರ್ಮನ್ ಟ್ಯಾಂಕುಗಳನ್ನು ತಡೆದು, ಎಲ್ಲರೂ ಮಡಿದರು ಎಂದು ಸೇನೆಯ ಪತ್ರಿಕೆ 'ಕ್ರಾಸ್ನಯಾ ಜ್ವೆಜ್ದಾ' ಬರೆಯಿತು. 1942ರ ಜುಲೈನಲ್ಲಿ ಅಷ್ಟೂ ಮಂದಿಗೆ ವೀರ ಬಿರುದು ಬಂತು. ಆ ಆದೇಶ ಅಸಲಿ. ಆದರೆ 1947ರಲ್ಲಿ ಇವಾನ್ ದೊಬ್ರೊಬಾಬಿನ್ ಎಂಬವನನ್ನು ಜರ್ಮನ್ನರ ಪೊಲೀಸನಾಗಿ ದುಡಿದ ಆರೋಪದ ಮೇಲೆ ಬಂಧಿಸಿದರೆ, ಅವನು ಆ ಸತ್ತ ಇಪ್ಪತ್ತೆಂಟರಲ್ಲಿ ಒಬ್ಬನಾಗಿದ್ದ! ಬದುಕುಳಿದವರು ಇನ್ನೂ ಕೆಲವರು ಸಿಕ್ಕರು. 1948ರ ಮೇನಲ್ಲಿ ಸೇನಾ ಮುಖ್ಯ ಪ್ರಾಸಿಕ್ಯೂಟರ್ ನಿಕೊಲಾಯ್ ಅಫನಾಸ್ಯೆವ್ ವರದಿ ಕೊಟ್ಟರು: 28 ಮಂದಿಯ ಆ ಕಾಳಗ ಪತ್ರಕರ್ತರ ಸೃಷ್ಟಿ. ವರದಿ ಕಪಾಟು ಸೇರಿತು. ಶಾಲೆಯ ಪುಸ್ತಕಗಳಲ್ಲಿ ಕಥೆ ಮುಂದುವರಿಯಿತು. 2015ರಲ್ಲಿ ರಷ್ಯಾದ ರಾಜ್ಯ ಪತ್ರಾಗಾರದ ನಿರ್ದೇಶಕ ಸೆರ್ಗೆಯ್ ಮಿರೊನೆಂಕೊ ಆ ವರದಿಯನ್ನು ಸಾರ್ವಜನಿಕರ ಮುಂದಿಟ್ಟಾಗ ಸಂಸ್ಕೃತಿ ಸಚಿವರೇ ಅವರ ಮೇಲೆ ಹರಿಹಾಯ್ದರು. ಮರುವರ್ಷ ಮಿರೊನೆಂಕೊ ನಿರ್ದೇಶಕ ಹುದ್ದೆಯಲ್ಲಿ ಉಳಿಯಲಿಲ್ಲ. ಅದೇ ವರ್ಷ ಇಪ್ಪತ್ತೆಂಟು ವೀರರ ಮೇಲೆ ಸಿನಿಮಾ ತೆರೆಕಂಡಿತು.

ಇದನ್ನು ಓದಿದವರು 'ಹಾಗಾದರೆ ಎಲ್ಲ ಸುಳ್ಳು' ಎಂದು ಕೈತೊಳೆದುಕೊಂಡರೆ ಅದೂ ಅನ್ಯಾಯವೇ. ಅದೇ 1948ರ ತನಿಖೆಯಲ್ಲಿ ಆ ಡಿವಿಷನ್ನಿನ 1075ನೇ ರೆಜಿಮೆಂಟಿನ ಕಮಾಂಡರ್ ಇಲ್ಯಾ ಕಪ್ರೊವ್ ಸಾಕ್ಷ್ಯ ನುಡಿದಿದ್ದಾರೆ. 28 ಮಂದಿಯ ಕಾಳಗ ನಡೆಯಲಿಲ್ಲ, ನಿಜ. ಆದರೆ ಆ ದಿನ ಅಲ್ಲಿ ಎರಡನೇ ಬೆಟಾಲಿಯನ್ನಿನ ನಾಲ್ಕನೇ ಕಂಪನಿ ಕಾದಾಡಿತು, ಆ ಕಂಪನಿ ಒಂದರಲ್ಲೇ ನೂರಕ್ಕೂ ಹೆಚ್ಚು ಮಂದಿ ಸತ್ತರು ಎಂದು ಅವರು ಹೇಳಿದರು. ಪತ್ರಿಕೆಯ ಪಟ್ಟಿಯ ಆಚೆ ಉಳಿದವರಿಗೆ ಚಿನ್ನದ ನಕ್ಷತ್ರ ಬರಲಿಲ್ಲ, ಹಾಗಾಗಿ ಯಾವ ಹರಾಜಿನಲ್ಲೂ ಅವರ ಹೆಸರು ಕೂಗುವುದಿಲ್ಲ. ಅವರನ್ನು ಹುಡುಕುವವರು ರೆಜಿಮೆಂಟಿನ ಸಂಖ್ಯೆ, 1941ರ ನವೆಂಬರ್ ಎಂಬ ಎರಡು ಸುಳಿವು ಹಿಡಿದು 'ಮೆಮೊರಿಯಲ್' ಕೋಶದ ಸಾವುನೋವಿನ ಪಟ್ಟಿಗಳನ್ನು ಒಂದೊಂದಾಗಿ ಓದಬೇಕು.