ಸನ್ನೆಕೋಲೂ ಕೈಸನ್ನೆಯೂ

ಕಡೂರಿನಿಂದ ತರೀಕೆರೆಯ ಕಡೆಗೆ ಹೋಗುವ ಹೆದ್ದಾರಿಯ ಬದಿಯಲ್ಲೋ ಅಜ್ಜಂಪುರದ ಒಂದು ಬೀದಿಯಲ್ಲೋ ಹಳೆಯ ಹುಣಿಸೆಮರವೊಂದು ಮುಂಗಾರಿನ ಗಾಳಿಗೆ ವಾಲಿ ನಿಂತಿದೆಯೆಂದು ಭಾವಿಸೋಣ. ಒಂದು ಪಕ್ಕದಲ್ಲಿ ಹೆಂಚಿನ ಮನೆ, ಮತ್ತೊಂದು ಪಕ್ಕದಲ್ಲಿ ವಿದ್ಯುತ್ ತಂತಿ. ಬುಡ ಕಡಿದು ಕೆಡಹಲು ಎಡೆಯಿಲ್ಲ. ಆಗ ಕ್ರೇನನ್ನು ತರಿಸಿ, ಮರವನ್ನು ತುದಿಯಿಂದ ತುಂಡುತುಂಡಾಗಿ ಕೊಯ್ದು ಇಳಿಸಬೇಕಾಗುತ್ತದೆ.

ಹಿಂದೆ ತರೀಕೆರೆಯ ಪಶ್ಚಿಮದ ಮಲೆನಾಡಿನಲ್ಲಿ ದಿಮ್ಮಿಗಳನ್ನು ಎಳೆಯುವ ಕೆಲಸಕ್ಕೆ ಆನೆಗಳಿದ್ದವು. ಆನೆಯು ಭಾರವನ್ನು ತನ್ನ ಮೈಯಿಂದಲೇ ಅರಿಯುತ್ತಿತ್ತು. ಮಾವುತನು ಅದರ ಕತ್ತಿನ ಮೇಲೆಯೇ ಕುಳಿತಿರುತ್ತಿದ್ದನು. ಕ್ರೇನಿನಲ್ಲಾದರೋ ಎತ್ತುವವನು ಕೆಳಗೆ, ಕೊಯ್ಯುವವನು ಮೇಲೆ. ನಡುವೆ ಎಲೆಗಳ ಮರೆ. ಅಪಾಯದ ಮೂಲ ಇಲ್ಲಿಯೇ ಇದೆ.

ಮೊದಲು ಭಾರವನ್ನು ವಿಚಾರಿಸೋಣ. ಗಟ್ಟಿಜಾತಿಯ ಹಸಿಮರದ ಒಂದು ಘನಮೀಟರು ಸುಮಾರು ೧,೦೦೦ ಕಿಲೋಗ್ರಾಂ ತೂಗಬಹುದು. ೬೦ ಸೆಂಟಿಮೀಟರ್ ವ್ಯಾಸದ, ೩ ಮೀಟರ್ ಉದ್ದದ ತುಂಡು ಈ ಲೆಕ್ಕದಂತೆ ಸುಮಾರು ೮೫೦ ಕಿಲೋಗ್ರಾಂ. ವ್ಯಾಸವು ಇಮ್ಮಡಿಯಾದರೆ ತೂಕವು ನಾಲ್ಮಡಿಯಾಗಿ ೩,೪೦೦ ಕಿಲೋಗ್ರಾಂ ಆಗುತ್ತದೆ. ಕಣ್ಣಂದಾಜು ಎಷ್ಟು ಸುಲಭವಾಗಿ ತಪ್ಪಬಹುದೆಂಬುದು ಇದರಿಂದ ಸ್ಪಷ್ಟ.

ಕ್ರೇನು ಒಂದು ದೊಡ್ಡ ಸನ್ನೆಕೋಲು. ೫ ಮೀಟರ್ ದೂರದಲ್ಲಿ ೪ ಟನ್ ಎತ್ತಬಲ್ಲ ಕ್ರೇನು ೧೦ ಮೀಟರ್ ದೂರದಲ್ಲಿ ೨ ಟನ್ನನ್ನೂ ಎತ್ತಲಾರದು. ಚಾಚಿದ ತೋಳಿನ ಸ್ವಂತ ಭಾರವೂ ಅದನ್ನು ಮುಂದಕ್ಕೆ ಮಗುಚಲು ಯತ್ನಿಸುತ್ತದೆ. ಆದುದರಿಂದ ಕೊಯ್ಯುವ ಮೊದಲೇ ತುಂಡಿನ ತೂಕವನ್ನೂ ದೂರವನ್ನೂ ಲೆಕ್ಕಹಾಕಿ ಭಾರದ ಪಟ್ಟಿಯೊಡನೆ ಹೋಲಿಸಬೇಕು. ಹಗ್ಗ ಸಡಿಲವಾಗಿದ್ದರೆ ಕಡಿದ ತುಂಡು ಬಿದ್ದು ಜಗ್ಗಿ, ತನ್ನ ತೂಕದ ಹಲವು ಪಟ್ಟು ಬಲವನ್ನು ಹಾಕುತ್ತದೆ. ಅತಿಯಾಗಿ ಬಿಗಿದಿದ್ದರೆ ತುಂಡು ಮೇಲಕ್ಕೆ ಚಿಮ್ಮಿ ಕೊಯ್ಯುವವನಿಗೆ ಬಡಿಯುತ್ತದೆ. ಎಷ್ಟು ಬಿಗಿಯಬೇಕೆಂಬುದನ್ನು ಮೇಲಿರುವವನು ಕೆಳಗಿನವನಿಗೆ ತಿಳಿಸುವುದು ಹೇಗೆ?

ಕೂಗಿ ತಿಳಿಸುವುದು ಸಾಧ್ಯವಿಲ್ಲ. ಯಂತ್ರದ ಗರಗಸದ ಆರ್ಭಟದಲ್ಲಿ 'ಎತ್ತಬೇಡ' ಎಂಬುದರ ಕೊನೆಯ ಭಾಗ ಅಳಿಸಿಹೋದರೆ ಅರ್ಥವೇ ತಿರುಗುಮುರುಗಾಗುತ್ತದೆ. 'ಬಿಡು' ಎಂದರೆ ಹಗ್ಗವನ್ನು ಇಳಿಸು ಎಂದೂ ಆಗಬಹುದು, ಕೆಲಸವನ್ನು ಅಷ್ಟಕ್ಕೇ ನಿಲ್ಲಿಸು ಎಂದೂ ಆಗಬಹುದು. ಆದ್ದರಿಂದಲೇ ಕೈಸನ್ನೆಗಳು ಬಂದಿವೆ. ತೋರುಬೆರಳನ್ನು ಮೇಲಕ್ಕೆ ಮಾಡಿ ಸಣ್ಣ ವೃತ್ತ ಬರೆದರೆ 'ಎತ್ತು'. ಕೆಳಕ್ಕೆ ಮಾಡಿ ಬರೆದರೆ 'ಇಳಿಸು'. ಅಂಗೈ ಕೆಳಮುಖವಾಗಿರುವಂತೆ ತೋಳನ್ನು ಪಕ್ಕಕ್ಕೆ ಚಾಚಿ ಅಡ್ಡಡ್ಡವಾಗಿ ಬೀಸಿದರೆ 'ನಿಲ್ಲಿಸು'.

ಸನ್ನೆ ಮಾಡುವವನು ಒಬ್ಬನೇ ಇರಬೇಕು; ಕೊಯ್ಯುವವನೂ ಚಾಲಕನೂ ಇಬ್ಬರೂ ಅವನಿಗೆ ಕಾಣುತ್ತಿರಬೇಕು. ಅವನು ಮರೆಯಾದ ಕ್ಷಣವೇ ಚಾಲಕನು ಕೈ ತಡೆಯಬೇಕು. ಒಂದೇ ವಿನಾಯಿತಿಯೆಂದರೆ 'ನಿಲ್ಲಿಸು': ಅದನ್ನು ದಾರಿಹೋಕನು ತೋರಿದರೂ ಪಾಲಿಸಬೇಕು. ತಂತಿಯ ವಿದ್ಯುತ್ತನ್ನು ಮೊದಲೇ ಕಡಿಸಿ, ಕಡಿದಿದೆಯೆಂದು ಖಚಿತಪಡಿಸಿಕೊಂಡಿರಬೇಕು. ಅಧಿಕ ವೋಲ್ಟೇಜಿನ ತಂತಿಯಿಂದ ಹತ್ತಿರದ ಲೋಹಕ್ಕೆ ಮುಟ್ಟದೆಯೂ ವಿದ್ಯುತ್ ಹಾರಬಲ್ಲುದು. ಮರವೇ ದುರ್ಬಲವಾಗಿದ್ದಾಗ ಕೊಯ್ಯುವವನು ಅದಕ್ಕೆ ತನ್ನನ್ನು ಕಟ್ಟಿಕೊಳ್ಳದೆ ಬೇರೊಂದು ವಾಹನದ ತೊಟ್ಟಿಲಿನಲ್ಲಿ ನಿಲ್ಲುವುದು ಲೇಸು.

ಮಾವುತನಲ್ಲಿ ನೋಟವೂ ಆಜ್ಞೆಯೂ ಒಂದೇ ಕಡೆ ಇದ್ದವು. ಯಂತ್ರವು ಅವೆರಡನ್ನೂ ಬೇರ್ಪಡಿಸಿತು. ಬೇರ್ಪಟ್ಟುದನ್ನು ಮತ್ತೆ ಕೂಡಿಸುವುದು ನೆಲದ ಮೇಲೆ ನಿಂತ ಒಬ್ಬ ಮನುಷ್ಯನ ಕೈ. ಮೇಲೆ ಗರಗಸ ಹಿಡಿದವನ ಪ್ರಾಣವು ಆ ಕೈಯನ್ನೇ ನಂಬಿರುತ್ತದೆ.