ಶಿಬಿರಕ್ಕೆ ಉಮ್ಮಂದಿರೂ ಹೊರಟಾಗ

ನವೆಂಬರ್ ಮುಗಿಯುವ ಹೊತ್ತಿಗೆ ಶಾಲೆಯಿಂದ ಒಂದು ಚೀಟಿ ಮನೆಗೆ ಬರುತ್ತದೆ. ಎರಡು ಹಗಲು, ಒಂದು ರಾತ್ರಿಯ ಪ್ರಕೃತಿ ಶಿಬಿರ, ಕೆಳಗೆ ಪೋಷಕರ ಸಹಿ. ಗಂಡು ಮಕ್ಕಳ ಚೀಟಿಗೆ ಸಹಿ ಬೀಳಲು ಎರಡು ನಿಮಿಷ ಸಾಕು. ಹೆಣ್ಣು ಮಕ್ಕಳ ಚೀಟಿ ಫ್ರಿಜ್ಜಿನ ಮೇಲೆ ಒಂದು ವಾರ ಕೂತಿರುತ್ತದೆ. "ರಾತ್ರಿ ಕಾಡಲ್ಲಿ ಅವಳಿಗೆ ಎಂತ ಕೆಲಸ?" ಅಂತ ಅಜ್ಜಿ ಕೇಳ್ತಾರೆ. ದಮಾಮಿನಲ್ಲೋ ಜುಬೈಲಿನಲ್ಲೋ ಇರುವ ತಂದೆಗೆ ವಾಯ್ಸ್ ಮೆಸೇಜ್ ಹೋಗುತ್ತದೆ. "ಉಮ್ಮ ಹೇಳಿದ ಹಾಗೆ ಮಾಡಿ" ಎಂಬ ಉತ್ತರ ಬರುತ್ತದೆ. ಕೊನೆಗೆ ಹುಡುಗಿಯೇ "ನಂಗೆ ಹೋಗ್ಲಿಕ್ಕೆ ಇಷ್ಟ ಇಲ್ಲ" ಎಂದು ವಿಷಯ ಮುಗಿಸುತ್ತಾಳೆ. ನಿಜವಾಗಿಯೂ ಇಷ್ಟ ಇಲ್ಲವಾ ಅಂತ ಯಾರೂ ಮತ್ತೆ ಕೇಳುವುದಿಲ್ಲ.

ಕಳೆದ ವರ್ಷ ನಮ್ಮ ಮಕ್ಕಳ ಎಂಟನೇ ತರಗತಿಯಲ್ಲೂ ಹೀಗೇ ಆಗಿತ್ತು. ಸಮುದಾಯದ ಹೆಣ್ಣು ಮಕ್ಕಳು ಒಂಬತ್ತು ಮಂದಿ, ಮೊದಲ ಪಟ್ಟಿಯಲ್ಲಿ ಇದ್ದದ್ದು ಎರಡೇ ಹೆಸರು. "ತಾಯಂದಿರು ಯಾರಾದರೂ ಜೊತೆಗೆ ಬರುವುದಾದರೆ ಬರಬಹುದು" ಎಂದು ಟೀಚರ್ ಹೇಳಿದಾಗ ನಾವಿಬ್ಬರು ಒಪ್ಪಿದೆವು. ಆ ಸುದ್ದಿ ಮನೆಮನೆಗೆ ತಲುಪಿದ್ದೇ ತಡ, ಎರಡು ದಿನದಲ್ಲಿ ಇನ್ನೂ ಆರು ಹೆಸರು ಸೇರಿತು. ಮದ್ರಸಕ್ಕೆ ರಜೆ ಚೀಟಿ ಕೊಟ್ಟಾಗ ಉಸ್ತಾದರು ಕೇಳಿದ್ದು ಕೂಡ ಅದನ್ನೇ, "ಜೊತೆಗೆ ಯಾರಿದ್ದಾರೆ?"

ಮನೆಯವರ ಹೆದರಿಕೆಯನ್ನು ಸುಮ್ಮನೆ ಹಳೇ ಕಾಲದ್ದು ಎಂದು ತಳ್ಳಿಹಾಕಲಿಕ್ಕೆ ನಾವು ತಯಾರಿಲ್ಲ. 2024ರ ಡಿಸೆಂಬರ್ 10ರಂದು ಕೋಲಾರ ಜಿಲ್ಲೆಯಿಂದ ಪ್ರವಾಸ ಬಂದಿದ್ದ ವಸತಿ ಶಾಲೆಯ ನಾಲ್ವರು ವಿದ್ಯಾರ್ಥಿನಿಯರು ಮುರುಡೇಶ್ವರದ ಕಡಲಿನಲ್ಲಿ ನೀರುಪಾಲಾದದ್ದು ಕರಾವಳಿಯ ಯಾವ ತಾಯಿಗೂ ಮರೆತಿಲ್ಲ. ಆದರೆ ಅಂಥ ಸುದ್ದಿ ಓದಿದ ಮೇಲೂ ಗಂಡು ಮಕ್ಕಳನ್ನು ಕಳಿಸುತ್ತೇವೆ, ಹೆಣ್ಣು ಮಕ್ಕಳನ್ನು ಮಾತ್ರ ಮನೆಯಲ್ಲಿ ಕೂರಿಸುತ್ತೇವೆ. ನೀರಿಗೆ ಹುಡುಗ ಹುಡುಗಿ ಎಂಬ ಭೇದ ಉಂಟಾ?

ನಾವು ಹೋದದ್ದು ಹೆಬ್ರಿ ಸಮೀಪದ ಸೀತಾನದಿಗೆ. 1974ರಲ್ಲಿ ಘೋಷಣೆಯಾದ ಸೋಮೇಶ್ವರ ವನ್ಯಜೀವಿ ಧಾಮದ ಕಾಡು ಅದು. ಮೇಲೆ ಆಗುಂಬೆ ಘಾಟಿ, ಕೆಳಗೆ ಹೊಳೆ, ಹೊಳೆಯ ಬದಿಯಲ್ಲಿ ಗುಡಾರಗಳು. ಸರ್ಕಾರಿ ಶಾಲೆಯ ಮಕ್ಕಳನ್ನು ಅರಣ್ಯ ಇಲಾಖೆಯೇ 'ಚಿಣ್ಣರ ವನ ದರ್ಶನ'ದಲ್ಲಿ ಕಾಡಿಗೆ ಕರೆದೊಯ್ಯುವುದುಂಟು. ನಮ್ಮಂಥ ಶಾಲೆಗಳು ತಾವೇ ಏರ್ಪಾಡು ಮಾಡಿಕೊಳ್ಳುತ್ತವೆ. ಕಾರ್ಕಳ ದಾಟುವುದರೊಳಗೆ ಇಬ್ಬರಿಗೆ ವಾಂತಿ. ಲಿಂಬೆ ಹಣ್ಣು, ಪ್ಲಾಸ್ಟಿಕ್ ಚೀಲ, ಒದ್ದೆ ಬಟ್ಟೆ. ನಮ್ಮ ಕೆಲಸ ಅಲ್ಲಿಂದಲೇ ಶುರು.

ಹೊರಡುವ ಮೊದಲು ಟೀಚರ್ ನಮ್ಮನ್ನು ಕೂರಿಸಿಕೊಂಡು ಒಂದು ಮಾತು ಹೇಳಿದ್ದರು: "ನಿಮ್ಮ ಮಗಳು ನಿಮ್ಮ ಗುಂಪಿನಲ್ಲಿ ಇರುವುದಿಲ್ಲ." ಆರಾರು ಮಕ್ಕಳ ಗುಂಪು, ಒಂದೊಂದಕ್ಕೆ ಒಬ್ಬರು ದೊಡ್ಡವರು, ನಮ್ಮಿಬ್ಬರ ಮಕ್ಕಳೂ ಬೇರೆ ಟೀಚರ್ ಗುಂಪಿಗೆ. ಕೇಳುವಾಗ ಸ್ವಲ್ಪ ಬೇಸರ ಆದದ್ದು ಹೌದು. ಆದರೆ ಇದು ಒಳ್ಳೆಯ ಕ್ರಮ. ತಾಯಿ ಪಕ್ಕದಲ್ಲಿದ್ದರೆ ಮಗು ನೀರಿನ ಬಾಟಲಿಯ ಮುಚ್ಚಳವನ್ನೂ ತಾಯಿಯ ಕೈಯಲ್ಲೇ ತೆಗೆಸುತ್ತದೆ. ಉಳಿದ ಮಕ್ಕಳಿಗೋ, ಅವರು "ಅವಳ ಉಮ್ಮ" ಮಾತ್ರ. ಬೇರೆಯವರ ಆರು ಮಕ್ಕಳ ಲೆಕ್ಕ ಕೈಗೆ ಬಂದಾಗ ಸಂಜೆಯೊಳಗೆ ಆರು ಮಂದಿಗೂ ನಾವು ಉಮ್ಮ ಆಗಿದ್ದೆವು, ನಮ್ಮ ಸಮುದಾಯದವರಲ್ಲದ ಮೂವರಿಗೂ ಸೇರಿ.

ಬಟ್ಟೆಯ ವಿಷಯ ಮೊದಲೇ ಹೇಳಿಬಿಟ್ಟಿದ್ದೆವು. ಪಾಚಿ ಕಟ್ಟಿದ ಕಲ್ಲಿನ ಮೇಲೆ ಉದ್ದನೆಯ ಬುರ್ಖಾ ಕಾಲಿಗೆ ಸಿಕ್ಕಿಕೊಳ್ಳುತ್ತದೆ. ಸಡಿಲ ಸಲ್ವಾರ್, ಉದ್ದ ಕುರ್ತಾ, ಪಿನ್ ಹಾಕಿದ ಶಿರವಸ್ತ್ರ, ಹಿಡಿತ ಇರುವ ಶೂ. ನಾವೂ ಹಾಗೆಯೇ ಹೋದೆವು. ಊಟಕ್ಕೆ ಎರಡೂ ದಿನ ಎಲ್ಲರಿಗೂ ಸಸ್ಯಾಹಾರ, ಹಾಗಾಗಿ ಹಲಾಲಿನ ಪ್ರಶ್ನೆ ಏಳಲೇ ಇಲ್ಲ. ಗಂಜಿ, ಚಟ್ನಿ, ಉಪ್ಪಿನಕಾಯಿ. "ಮೀನಿಲ್ವಾ?" ಅಂತ ಕೇಳಿದ ಹುಡುಗನೇ ಮೂರು ಬಾರಿ ಬಡಿಸಿಕೊಂಡ. ನಮಾಜಿಗೆ ಗುಡಾರದ ಹಿಂದೆ ಒಂದು ಟಾರ್ಪಾಲು ಹಾಸಿಕೊಂಡೆವು, ಅಷ್ಟೇ.

ಹೊಳೆಗೆ ಇಳಿಯುವ ಹೊತ್ತು ಮಾತ್ರ ನಮ್ಮ ಎದೆ ಡವಡವ. ಶಿಬಿರದ ಮಾರ್ಗದರ್ಶಿಗಳು ಮೊದಲು ತಾವು ಇಳಿದು ಆಳ ನೋಡಿದರು. ಮೊಣಕಾಲಿನವರೆಗೆ ಮಾತ್ರ, ಒಮ್ಮೆಗೆ ಒಂದೇ ಗುಂಪು, ಉಳಿದವರು ದಡದಲ್ಲಿ ಕೂತಿರಬೇಕು. ನಮ್ಮನ್ನು ನೀರು ಹರಿದು ಹೋಗುವ ಕೆಳಬದಿಗೆ ನಿಲ್ಲಿಸಿದರು, ಯಾರಾದರೂ ಜಾರಿದರೆ ಬರುವುದು ಆ ಕಡೆಗೇ ಅಲ್ವಾ. ಫೋಟೋ ತೆಗೆಯುವ ಕೆಲಸ ಯಾರಿಗೂ ಇಲ್ಲ. ಇಳಿಯುವಾಗ ಒಂದು, ಹತ್ತುವಾಗ ಒಂದು ಎಣಿಕೆ. ತಲೆ ಎಣಿಸುವುದಲ್ಲ, ಮಕ್ಕಳೇ ತಮ್ಮ ನಂಬರ್ ಕೂಗಬೇಕು. ಶಿಬಿರಕ್ಕೆ ಮಕ್ಕಳನ್ನು ಕಳಿಸುವ ಪೋಷಕರು ಶಾಲೆಯಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ಇದೇ ಎಂದು ನಮಗೆ ತೋರುತ್ತದೆ: ನೀರಿನ ಹತ್ತಿರ ಯಾರು, ಎಲ್ಲಿ ನಿಲ್ಲುತ್ತಾರೆ?

ಕಡಲ ಬದಿಯ ಮನೆಯ ಹುಡುಗಿಯೊಬ್ಬಳು, ತರಗತಿಯಲ್ಲಿ ಬಾಯಿ ಬಿಡದವಳು, ಮರಳು ಕೆದಕಿ "ಇಲ್ಲಿ ಮರುವಾಯಿ ಸಿಕ್ಕುದಿಲ್ವಾ?" ಎಂದು ಕೇಳಿದಳು. ಮಾರ್ಗದರ್ಶಿಗೆ ಖುಷಿಯೋ ಖುಷಿ. ಇದು ಪೂರ್ತಿ ಸಿಹಿನೀರು, ನಾವು ತಿನ್ನುವ ಮರುವಾಯಿ ಬೇಕಾದರೆ ಉಪ್ಪು ನೀರು ಸೇರುವಲ್ಲಿಗೆ ಹೋಗಬೇಕು; ಇದೇ ನೀರು ಹರಿದು ಸುವರ್ಣಾ ನದಿಯ ಜೊತೆ ಕೋಡಿಬೆಂಗ್ರೆಯ ಹತ್ತಿರ ಕಡಲಿಗೆ ಸೇರುತ್ತದೆ, ಅಲ್ಲಿ ಹುಡುಕು ಎಂದರು. ಹಾಗಾದರೆ ಮಂಗಳೂರಿನ ನಳ್ಳಿ ನೀರು ಎಲ್ಲಿಂದ ಎಂಬ ಪ್ರಶ್ನೆ ಬಂತು. ನೇತ್ರಾವತಿ, ತುಂಬೆಯ ಅಣೆಕಟ್ಟು. ಆ ನೇತ್ರಾವತಿಯೂ ಹುಟ್ಟುವುದು ಇದೇ ಘಟ್ಟಸಾಲಿನಲ್ಲಿ ಎಂದಾಗ ಮಕ್ಕಳು ಒಮ್ಮೆ ತಲೆ ಎತ್ತಿ ಗುಡ್ಡ ನೋಡಿದರು. ಪುನರ್ಪುಳಿಯ ಮರವನ್ನು ನಮ್ಮಲ್ಲಿ ಹೆಚ್ಚಿನವರು ನೋಡಿದ್ದೇ ಆವತ್ತು. ಒಣಗಿಸಿದ ಸಿಪ್ಪೆ ಮಾತ್ರ ನಮ್ಮ ಅಡುಗೆ ಮನೆಗೆ ಗೊತ್ತು.

ಡಿಸೆಂಬರಿನಲ್ಲೂ ತೇವ ಇದ್ದ ಕಡೆ ಒಂದೆರಡು ಇಂಬಳ ಇದ್ದವು. ಕಚ್ಚಿದ್ದು ಒಬ್ಬ ಹುಡುಗನಿಗೆ, ಕಿರುಚಿದ್ದು ಹತ್ತು ಹುಡುಗರು. ಒಂದು ಚಿಟಿಕೆ ಉಪ್ಪಿಗೆ ಅದು ಕಳಚಿ ಬಿತ್ತು. ಇಂಬಳಕ್ಕೆ ವಿಷ ಇಲ್ಲ, ಅದರ ಜೊಲ್ಲಿನಿಂದ ರಕ್ತ ಹೆಪ್ಪುಗಟ್ಟಲು ತಡವಾಗುತ್ತದೆ ಅಷ್ಟೇ ಎಂದು ನಮ್ಮ ಗುಂಪಿನ ಹುಡುಗಿ ಅವನಿಗೆ ಪಾಠ ಹೇಳಿದಳು, ಅರ್ಧ ಗಂಟೆ ಹಿಂದೆ ಕೇಳಿಸಿಕೊಂಡದ್ದನ್ನು.

ರಾತ್ರಿಯ ಸಂಗತಿಗಳನ್ನು ನಾವು ಬರೆಯಲೇಬೇಕು, ಯಾಕೆಂದರೆ ಅವನ್ನು ಯಾರೂ ಚೀಟಿಯಲ್ಲಿ ಬರೆಯುವುದಿಲ್ಲ. ಶೌಚಾಲಯಕ್ಕೆ ಮೂವರು ಒಟ್ಟಿಗೆ, ಕೈಯಲ್ಲಿ ಟಾರ್ಚ್, ಜೊತೆಗೆ ನಮ್ಮಲ್ಲಿ ಒಬ್ಬರು. ಆ ರಾತ್ರಿ ಇಬ್ಬರು ಹುಡುಗಿಯರಿಗೆ ಮುಟ್ಟಾಯಿತು. ಒಬ್ಬಳಿಗೆ ಅದು ಮೊದಲನೇ ಸಲ. "ಸರ್‌ಗೆ ಗೊತ್ತಾಗ್ಲಿಕ್ಕೆ ಬಾರ್ದು" ಎಂದು ಅವಳು ನಮ್ಮ ಕೈ ಹಿಡಿದುಕೊಂಡಳು. ಪ್ಯಾಡು, ಹಳೇ ಪೇಪರು, ಮುಚ್ಚಳ ಇರುವ ಡಬ್ಬ ನಾವು ತಂದಿದ್ದೆವು. ಕಾಡಿನಲ್ಲಿ ಎಸೆಯದೆ ವಾಪಸು ತಂದೆವು. ಬೆಚ್ಚಗಿನ ನೀರು ಕೊಟ್ಟು, ಪಕ್ಕದಲ್ಲಿ ಕೂತು, ನಮ್ಮ ನಮ್ಮ ಮೊದಲ ಸಲದ ಕಥೆ ಹೇಳಿದೆವು. ಅವಳ ಉಮ್ಮನಿಗೆ ಬೆಳಿಗ್ಗೆ ಫೋನ್ ಮಾಡಿದಾಗ ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ "ನೀವಿದ್ದದ್ದು ಒಳ್ಳೆಯದಾಯ್ತು" ಅಂದರು.

ಅದಕ್ಕೇ ನಾವು ಹೇಳುವುದು, ತಾಯಿ ಹೋಗುವುದು ಕಾವಲಿಗೆ ಅಲ್ಲ. ಹುಡುಗಿ ನಕ್ಕರೆ, ಹುಡುಗರ ಗುಂಪಿನ ಜೊತೆ ಅಂತ್ಯಾಕ್ಷರಿ ಹಾಡಿದರೆ ಮನೆಗೆ ವರದಿ ಒಪ್ಪಿಸುವ ಕೆಲಸವಾದರೆ, ಅಂಥ ಉಮ್ಮಂದಿರು ದಯವಿಟ್ಟು ಮನೆಯಲ್ಲೇ ಇರಲಿ. ವಾಪಸು ಬಂದ ಮೇಲೆ ಒಂದಿಬ್ಬರು ನಮ್ಮಲ್ಲಿ ಮೆಲ್ಲಗೆ ವಿಚಾರಿಸಿದ್ದೂ ಉಂಟು. ಮರುವಾಯಿಯ ಕಥೆ ಹೇಳಿ ಕಳಿಸಿದೆವು.

ಇನ್ನೊಂದು, ಬರುವವರು ಉಮ್ಮಂದಿರೇ ಆಗಬೇಕೆಂದೇನಿಲ್ಲ. ಊರಲ್ಲೇ ಅಂಗಡಿ, ಆಟೋ, ಆಫೀಸು ಅಂತ ಇರುವ ತಂದೆಯರು ಎಷ್ಟೋ ಮಂದಿ ಇದ್ದಾರೆ. ಎರಡು ದಿನ ಬಿಡುವು ಮಾಡಿಕೊಂಡು ಹುಡುಗರ ಗುಡಾರದ ಕಡೆ ಒಬ್ಬರು ಮಲಗಿದ್ದರೆ, ಆ ರಾತ್ರಿ ಒಂದು ಗಂಟೆಯವರೆಗೆ ನಡೆದ ದಿಂಬಿನ ಯುದ್ಧ ಹನ್ನೊಂದಕ್ಕೇ ಮುಗಿಯುತ್ತಿತ್ತು.

ಈ ಸಲ ಅದೇ ಮಕ್ಕಳು ಒಂಬತ್ತನೇ ತರಗತಿ. ಪಟ್ಟಿಗೆ ಒಂಬತ್ತೂ ಹೆಸರು ಬಂದಿದೆ, ಹೋದ ಸಲ ಉಳಿದುಹೋದ ಹುಡುಗಿಯದೂ ಸೇರಿ. ಬೇರೆ ಇಬ್ಬರು ಉಮ್ಮಂದಿರು ಹೊರಟಿದ್ದಾರೆ. ಎಂತೆಲ್ಲ ಕಟ್ಟಿಕೊಳ್ಳಬೇಕು ಎಂದು ನಿನ್ನೆ ಫೋನ್ ಮಾಡಿದ್ದರು. ಟಾರ್ಚಿಗೆ ಹೊಸ ಸೆಲ್ಲು, ಉಪ್ಪು, ಲಿಂಬೆ, ಮುಚ್ಚಳದ ಡಬ್ಬ ಎಂದು ಬರೆಸಿದೆವು. ಜೊತೆಗೆ ಬರುವ ತಂದೆಯ ಹೆಸರಿನ ಜಾಗ ಮಾತ್ರ ಇನ್ನೂ ಖಾಲಿ ಉಂಟು.